ಉಂಗುರದಲ್ಲಿ ಬಿಡಬೇಕಿದ್ದ ಜಾಗ

ನಾನು ಆಸಿಲೇಟರ್ ಮಾಡುವವನು. ಹೀಗೆಂದರೆ ನಮ್ಮ ದೊಡ್ಡಬಳ್ಳಾಪುರದ ಬೀದಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಆಫೀಸಿನಲ್ಲೂ ಅರ್ಧ ಜನಕ್ಕೆ ಅಷ್ಟಕ್ಕಷ್ಟೇ. ಮೊಬೈಲು, ಕಂಪ್ಯೂಟರುಗಳಲ್ಲಿರುವ ಚಿಪ್ಪಿನೊಳಗಿನ ಕೆಲಸವೆಲ್ಲ ಒಂದು ತಾಳಕ್ಕೆ ನಡೆಯಬೇಕು. ಆ ತಾಳ ಹಾಕುವ ಪುಟ್ಟ ಸರ್ಕೀಟೇ ಆಸಿಲೇಟರ್. ನನ್ನದು ಸೆಕೆಂಡಿಗೆ ಸಾವಿರ ಕೋಟಿ ಸಲಕ್ಕೂ ಮೀರಿ ತಾಳ ಹಾಕುವಂಥದ್ದು. ತಾಳ ಹಾಕುವುದು ದೊಡ್ಡ ಮಾತಲ್ಲ, ಒಂದೇ ಸಮ ಹಾಕುವುದು ದೊಡ್ಡ ಮಾತು. ಒಂದು ಪೆಟ್ಟು ಒಂಚೂರು ಮುಂಚೆ, ಇನ್ನೊಂದು ಒಂಚೂರು ತಡವಾಗಿ ಬಿತ್ತೆಂದರೆ ಅದನ್ನು ನಾವು ನಾಯ್ಸ್ ಅನ್ನುತ್ತೇವೆ. ಕಿವಿಗೆ ಕೇಳುವ ಸದ್ದಲ್ಲ ಅದು. ಇದನ್ನು ಅಪ್ಪನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಅವರು ಹಿತ್ತಿಲ ಕಡೆಗೆ ಕೈ ತೋರಿಸಿ, "ಸದ್ದು ಕಮ್ಮಿ ಮಾಡೋನು ಅಂತೀಯ, ಮೊದ್ಲು ನಮ್ಮನೇ ಮಗ್ಗದ್ದು ಕಮ್ಮಿ ಮಾಡು ನೋಡಾನ" ಅನ್ನುತ್ತಾರೆ.

ಹಿತ್ತಿಲ ಶೆಡ್ಡಿನಲ್ಲಿ ನಮ್ಮವು ಆರು ಪವರ್‌ಲೂಮ್ ಮಗ್ಗಗಳಿವೆ. ಅಪ್ಪನಿಗೆ ವಯಸ್ಸಾದರೂ ಬಿಟ್ಟಿಲ್ಲ. ನಾನು ಹುಟ್ಟಿದ್ದು, ಓದಿದ್ದು, ಪರೀಕ್ಷೆ ಬರೆದದ್ದು ಎಲ್ಲ ಆ ಸದ್ದಿನಲ್ಲೇ. ದಿನಾ ಬೆಳಗ್ಗೆ ಕಾರು ತೆಗೆದು ದೇವನಹಳ್ಳಿ ಕಡೆಯ ಆಫೀಸಿಗೆ ಹೋಗುತ್ತೇನೆ, ಸಂಜೆ ಬರುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಆಫೀಸಿನಲ್ಲಿ ಹೆಸರಿದೆ. ಕೆಲಸ ಗೊತ್ತಿರುವವನ ಕೋಪವನ್ನು ಜನ ಸಹಿಸಿಕೊಳ್ಳುತ್ತಾರೆ ಎಂಬುದು ನನಗೆ ಬಹಳ ಬೇಗ ಗೊತ್ತಾಗಿತ್ತು. ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಈಗ ಹೇಳಹೊರಟಿರುವುದು ಒಬ್ಬ ಹುಡುಗಿಯ ಕೆಲಸ ಹೋದ ಕಥೆ. ಕಥೆ ಅಂದೆ, ನಡೆದದ್ದೇ. ಆ ಕೆಲಸ ಹೋದದ್ದು ನನ್ನಿಂದ.

ಅವಳು ನಮ್ಮ ತಾಲ್ಲೂಕಿನದೇ ಮಧುರೆ ಕಡೆಯವಳು. ಮನೆಯವರು ಬೇಸಾಯದವರು. ನಾವು ಲೆಕ್ಕ ಹಾಕಿ ಕೊಡುವ ಸರ್ಕೀಟನ್ನು ಚಿಪ್ಪಿನ ಮೇಲೆ ಹೇಗೆ ಕೂರಿಸಬೇಕೆಂದು ಪದರ ಪದರವಾಗಿ ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ ಲೇಔಟ್ ಅನ್ನುತ್ತಾರೆ. ಅದು ಅವಳ ಕೆಲಸ. ಒಂದು ಏಜೆನ್ಸಿಯ ಮೂಲಕ ಕಾಂಟ್ರ್ಯಾಕ್ಟಿನ ಮೇಲೆ ಬಂದಿದ್ದಳು. ಎರಡು ವರ್ಷ ಮುಗಿಯುತ್ತ ಬಂದಿತ್ತು. ಈ ಚಿಪ್ಪು ಸರಿಯಾಗಿ ಬಂದರೆ ಖಾಯಂ ಮಾಡಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದರು. ಆ ಮಾತು ಕೇಳಿದ ದಿನ ಅವಳು ದಾರಿಯುದ್ದಕ್ಕೂ ಅದನ್ನೇ ಆಡಿದಳು.

ದಾರಿಯುದ್ದಕ್ಕೂ ಎಂದರೆ ನನ್ನ ಕಾರಿನಲ್ಲಿ. ಅವಳು ಊರಿಂದ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದಳು, ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೆ. ಆಫೀಸಿನಲ್ಲಿ ನಾನು ಅವಳಿಗೆ ಸಾರ್, ಕಾರಿನಲ್ಲಿ ಅಣ್ಣ. ನಮ್ಮ ಅರ್ಧ ಕೆಲಸ ಆ ಕಾರಿನಲ್ಲೇ ಮುಗಿಯುತ್ತಿತ್ತು. ಯಾವ ತಂತಿ ಎಲ್ಲಿ ಹೋಗಬೇಕು, ಯಾವ ಪದರವನ್ನು ದಪ್ಪ ಮಾಡಬೇಕು, ಎಲ್ಲ ಬಾಯಿಮಾತಿನಲ್ಲೇ. ಆಫೀಸಿನ ನಿಯಮದ ಪ್ರಕಾರ ಪ್ರತಿ ಬದಲಾವಣೆಗೂ ಮೇಲ್ ಇರಬೇಕು. ಮೊದಮೊದಲು ಅವಳು ಕೇಳುತ್ತಿದ್ದಳು ಕೂಡ. "ಮೇಲ್ ಬರೀತಾ ಕೂತ್ರೆ ಕೆಲ್ಸ ಯಾವಾಗಮ್ಮ ಮಾಡೋದು? ನಾನ್ ಹೇಳಿದೀನಲ್ಲ, ಮಾಡು" ಎಂದು ರೇಗಿದವನು ನಾನು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಇನ್ನು ಆ ಉಂಗುರದ ವಿಷಯ. ನನ್ನ ಆಸಿಲೇಟರಿನ ಜೀವ ಇರುವುದು ಒಂದು ಸುರುಳಿಯಲ್ಲಿ, ನಾವು ಕಾಯಿಲ್ ಅನ್ನುವುದು. ಚಿಪ್ಪಿನ ಮೇಲಿನ ಲೋಹದ ಪದರದಲ್ಲೇ ಬರೆದ ಸುರುಳಿ ಅದು; ಒಂದು ಸಾಸಿವೆ ಕಾಳಿನ ಮೇಲೆ ಹತ್ತಾರು ಕೂರಿಸಬಹುದು. ಅದರ ಸುತ್ತ ಬೇಲಿಯ ಹಾಗೆ ಲೋಹದ ಒಂದು ಉಂಗುರ ಇರುತ್ತದೆ, ಪಕ್ಕದ ಸರ್ಕೀಟುಗಳ ಗಲಾಟೆ ಒಳಗೆ ಬರದಿರಲಿ ಎಂದು. ಆದರೆ ಆ ಉಂಗುರ ಪೂರ್ತಿ ಕೂಡಿರಬಾರದು. ಒಂದು ಕಡೆ ಚೂರು ಜಾಗ ಬಿಟ್ಟಿರಬೇಕು. ಕೂಡಿಬಿಟ್ಟರೆ ಸುರುಳಿಯ ಕಾಂತಬಲಕ್ಕೆ ಉಂಗುರದೊಳಗೂ ಕರೆಂಟು ಸುತ್ತತೊಡಗುತ್ತದೆ. ಆಗ ಬೇಲಿಯೇ ಹೊಲವನ್ನು ಮೇಯುತ್ತದೆ, ಸುರುಳಿಯ ಶಕ್ತಿಯೆಲ್ಲ ಉಂಗುರದ ಪಾಲಾಗುತ್ತದೆ. ಇದು ನನಗೆ ಇಪ್ಪತ್ತು ವರ್ಷಗಳಿಂದ ಗೊತ್ತು. ಆ ಉಂಗುರವನ್ನು ಮೊದಲು ಬರೆದವನು ನಡುವೆ ಕೆಲಸ ಬಿಟ್ಟು ಹೋಗಿ, ಉಳಿದದ್ದು ಅವಳ ಪಾಲಿಗೆ ಬಂದಿತ್ತು. ಸುರುಳಿ ಇರುವ ಲೇಔಟ್ ಅವಳಿಗೆ ಅದೇ ಮೊದಲು. ಉಂಗುರದಲ್ಲಿ ಯಾಕೆ ಜಾಗ ಬಿಟ್ಟಿದೆ ಎಂದು ಹೇಳಿಕೊಡಬೇಕಿದ್ದವನು ನಾನು. ಹೇಳಿಕೊಟ್ಟಿರಲಿಲ್ಲ.

ಚಿಪ್ಪಿನ ನಕ್ಷೆಯನ್ನು ಫ್ಯಾಕ್ಟರಿಗೆ ಕಳಿಸಬೇಕಾದದ್ದು ಒಂದು ಸೋಮವಾರ. ಶುಕ್ರವಾರ ನಾನು ನನ್ನ ಭಾಗವನ್ನು ಪೂರ್ತಿ ನೋಡಿ, ಎಲ್ಲ ಸರಿ ಇದೆ ಎಂದು ಪಟ್ಟಿಯಲ್ಲಿ ಗುರುತು ಹಾಕಿ ಬಂದೆ. ಆಗ ಉಂಗುರದಲ್ಲಿ ಜಾಗ ಇತ್ತು. ಭಾನುವಾರ ಅವಳು ಮತ್ತು ಇನ್ನಿಬ್ಬರು ಆಫೀಸಿನಲ್ಲಿ ಕೊನೆಯ ತಪಾಸಣೆ ಮಾಡುತ್ತಿದ್ದರು. ನಾನು ಮನೆಯಲ್ಲಿದ್ದೆ.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಊರಿನಲ್ಲಿ ಕರೆಂಟು ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಬೀದಿಯ ಎಲ್ಲ ಮನೆಗಳ ಮಗ್ಗಗಳೂ ಒಟ್ಟಿಗೆ ನಿಂತುಬಿಡುತ್ತವೆ. ಅಪ್ಪ ಕೂಗಿದರು: "ಬಾರೋ ಇಲ್ಲಿ, ಕರೆಂಟ್ ಬರೋದ್ರೊಳ್ಗೆ ಎಳೆ ಕಟ್ಬಿಡಾನ." ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ನೂಲಿನ ಹಾಸಿನಲ್ಲಿ ನಾಲ್ಕಾರು ಎಳೆಗಳು ಹರಿದಿದ್ದವು. ಅಪ್ಪನ ಕಣ್ಣು ಈಗ ಮೊದಲಿನಂತಿಲ್ಲ. ನಾನು ಬಗ್ಗಿ ನಿಂತು ತುದಿಗಳನ್ನು ಹುಡುಕಿ ಗಂಟು ಹಾಕತೊಡಗಿದೆ. ಆರೇಳು ವರ್ಷದವನಾಗಿದ್ದಾಗಿನಿಂದ ಮಾಡಿದ ಕೆಲಸ. ಅದಕ್ಕೆ ತಲೆ ಬೇಡ, ಹರಿದದ್ದು ಕಂಡರೆ ಕೈ ತಾನಾಗಿ ಕೂಡಿಸುತ್ತದೆ. ಒಂದು ಎಳೆ ಬಿಟ್ಟರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಹಾಗೆ ಬಿಟ್ಟದ್ದಕ್ಕೆ ನಾನು ಚಿಕ್ಕವನಿದ್ದಾಗ ಅಪ್ಪನ ಕೈಯಲ್ಲಿ ಏಟು ತಿಂದದ್ದೂ ಇದೆ.

ಆಗ ಅವಳ ಫೋನು ಬಂತು. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡೆ.

"ಏನ್ ಸಾರ್, ನಿಮ್ಮನೇಲಿ ಇವತ್ತು ಇಷ್ಟು ನಿಶ್ಶಬ್ದ?"

"ಕರೆಂಟಿಲ್ಲ ಕಣಮ್ಮ. ಎಳೆ ಕಟ್ತಾ ಇದೀನಿ. ಏನ್ ಹೇಳು."

"ಕಾಯಿಲ್ ಸುತ್ತ ಇರೋ ರಿಂಗಲ್ಲಿ ಒಂದ್ಕಡೆ ಕಟ್ ಆಗಿದೆ ಅಂತ ಚೆಕ್ಕಲ್ಲಿ ಎರರ್ ಬರ್ತಿದೆ ಸಾರ್. ಹಂಗೇ ಬಿಡೋದಾ, ಸೇರಿಸ್ಬಿಡೋದಾ?"

"ಸೇರಿಸ್ಬಿಡು" ಎಂದೆ. ಒಂದು ಗಂಟು ಬಿಗಿದು ಮತ್ತೆ ಹೇಳಿದೆ: "ಎರಡು ತುದೀನೂ ಸರಿಯಾಗಿ ಕೂಡ್ಬೇಕು, ನೋಡ್ಕೋ."

"ಸರಿ ಸಾರ್" ಎಂದು ಇಟ್ಟಳು.

ಇಷ್ಟೇ. ಕಾಯಿಲ್ ಎಂಬುದೂ ಕೇಳಿಸಿತ್ತು, ರಿಂಗ್ ಎಂಬುದೂ ಕೇಳಿಸಿತ್ತು. ಕೇಳಿದ್ದು ಕಿವಿ, ಉತ್ತರ ಕೊಟ್ಟದ್ದು ಕೈ. ಇಪ್ಪತ್ತು ವರ್ಷದ ವಿದ್ಯೆ ಆ ಅರ್ಧ ನಿಮಿಷ ಎಲ್ಲಿ ಹೋಗಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೆಲವು ತಿಂಗಳ ಮೇಲೆ ಚಿಪ್ಪು ತಯಾರಾಗಿ ಬಂತು. ಅಳತೆಯ ಯಂತ್ರದ ಪರದೆಯ ಮೇಲೆ ನನ್ನ ತಾಳ ಸೂಜಿಯಂತೆ ಸಣ್ಣಗೆ ಎದ್ದು ನಿಲ್ಲಬೇಕಿತ್ತು. ಅದು ಬುಡದಲ್ಲಿ ಹರಡಿಕೊಂಡು ಕುಳಿತಿತ್ತು. ತಾಳದ ವೇಗವೂ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ನನಗೆ ರೇಗಿತು. ನನ್ನ ಡಿಸೈನಿನಲ್ಲಿ ತಪ್ಪಿರಬಹುದೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಲ್ಯಾಬಿನವರ ಬೋರ್ಡು ಸರಿಯಿಲ್ಲ ಎಂದೆ. ಅವರು ಬೋರ್ಡು ಬದಲಿಸಿದರು. ಕೇಬಲ್ಲು ಸರಿಯಿಲ್ಲ ಎಂದೆ. ಪವರ್ ಸಪ್ಲೈ ಮಾಡಿದವನ ಜೊತೆ ಕಾರಿಡಾರಿನಲ್ಲೇ ಜಗಳವಾಡಿದೆ. ಎರಡು ವಾರ ಹೀಗೆ ಸಿಕ್ಕಸಿಕ್ಕವರ ತಲೆ ಮೇಲೆ ಗೂಬೆ ಕೂರಿಸುತ್ತ ಓಡಾಡಿದ ಮೇಲೆ, ಒಂದು ಸಂಜೆ ಬೇರೆ ದಾರಿಯಿಲ್ಲದೆ ಫ್ಯಾಕ್ಟರಿಗೆ ಹೋದ ನಕ್ಷೆಯನ್ನೇ ತೆರೆದು ನೋಡಿದೆ.

ಉಂಗುರ ಕೂಡಿತ್ತು. ತುಂಬ ಅಚ್ಚುಕಟ್ಟಾಗಿ ಕೂಡಿತ್ತು.

ಯಾರು ಮಾಡಿದ್ದು ಎಂದು ಯೋಚಿಸುವ ಮೊದಲೇ ಫೋನಿನ ಮಾತು ನೆನಪಾಯಿತು. ನಾನು ಎದ್ದು ಹೋಗಿ ಮ್ಯಾನೇಜರಿಗೆ, "ರಿಂಗ್ ಕ್ಲೋಸ್ ಆಗಿದೆ" ಎಂದಷ್ಟೇ ಹೇಳಿದೆ. ಹೇಗೆ ಆಯಿತು ಎಂದು ಅವರು ಕೇಳಿದಾಗ, ಲಾಗ್ ನೋಡಬೇಕು ಎಂದೆ. ನಕ್ಷೆಯನ್ನು ಯಾರು ಯಾವಾಗ ಬದಲಿಸಿದರೆಂದು ದಾಖಲಾಗುವ ಆ ಲಾಗಿನಲ್ಲಿ ಯಾರ ಹೆಸರಿರುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಕಾರು ಹತ್ತಿದಳು. "ಏನಾದ್ರೂ ಗೊತ್ತಾಯ್ತಾ ಅಣ್ಣ?" ಎಂದು ಕೇಳಿದಳು. "ನೋಡ್ಬೇಕಮ್ಮ, ಮೀಟಿಂಗ್ ಇದೆಯಲ್ಲ" ಎಂದೆ. ಆಮೇಲೆ ಆಫೀಸಿನವರೆಗೂ ರಸ್ತೆ ಅಗೆದು ಹಾಕಿದವರನ್ನು ಬೈಯುತ್ತ ಹೋದೆ. ಮುಕ್ಕಾಲು ಗಂಟೆ ಸಮಯವಿತ್ತು ನನಗೆ. ಅಷ್ಟರಲ್ಲಿ ಎಷ್ಟು ಸಲ ಹೇಳಬಹುದಿತ್ತು ಎಂದು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ.

ಮೀಟಿಂಗಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಮ್ಯಾನೇಜರ್ ಲಾಗನ್ನು ಗೋಡೆಯ ಪರದೆಯ ಮೇಲೆ ಹಾಕಿದರು. ಭಾನುವಾರ, ಹನ್ನೊಂದು ಮುಕ್ಕಾಲು, ಅವಳ ಹೆಸರು.

"ಶುಕ್ರವಾರ ಸಾರ್ ನೋಡಿ ಓಕೆ ಮಾಡಿದ್ದಾರೆ. ಭಾನುವಾರ ಯಾರನ್ನ ಕೇಳಿ ಚೇಂಜ್ ಮಾಡಿದ್ದಮ್ಮ?" ಎಂದು ಕೇಳಿದರು. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ.

"ಸಾರ್‌ಗೆ ಫೋನ್ ಮಾಡಿ ಕೇಳಿದ್ದೆ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ನೋಡಿದಳು.

ನಾನು ಬಾಯಿ ತೆರೆದದ್ದು ನಿಜ ಹೇಳುವುದಕ್ಕೇ ಎಂದು ಬಹಳ ದಿನ ನಂಬಿಕೊಂಡಿದ್ದೆ. ಬಂದ ಮಾತು ಬೇರೆ. "ಫೋನ್ ಬಂದಿತ್ತು. ನಮ್ಮನೇಲಿ ಮಗ್ಗದ ಸದ್ದು ನಿಮ್ಗೆಲ್ಲ ಗೊತ್ತಲ್ಲ. ಏನೋ ಎರರ್ ಅಂದ್ಲು, ಸರಿಯಾಗಿ ಕೇಳಿಸ್ಲಿಲ್ಲ. ಸರಿಮಾಡಮ್ಮ ಅಂದಿರ್ಬೇಕು."

ಯಾರೋ ನಕ್ಕರು. ನನ್ನ ಜೊತೆ ಫೋನಿನಲ್ಲಿ ಮಾತಾಡಿದವರಿಗೆಲ್ಲ ನಮ್ಮ ಮನೆಯ ಸದ್ದು ಗೊತ್ತು. ಸುಳ್ಳಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ, "ಮೇಲ್ ಹಾಕ್ಬೇಕಿತ್ತು ಸಾರ್. ತಪ್ಪಾಯ್ತು" ಎಂದಳು. ಹಿರಿಯನ ಮಾತಿಗೆ ಎದುರಾಡದ ಹುಡುಗಿ, ಮನೆಯಲ್ಲಿ ಒಳ್ಳೆಯ ಸಂಸ್ಕಾರ ಕಲಿಸಿದ್ದಾರೆ ಎಂದುಕೊಂಡೆ. ಹೀಗೆ ಅಂದುಕೊಂಡೆನಲ್ಲ ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಸಂಜೆ ಕಾರಿನಲ್ಲಿ ನಾನೇ, "ಎಲ್ಲ ಸರಿಹೋಗುತ್ತೆ ಬಿಡಮ್ಮ, ನಾನ್ ಮಾತಾಡ್ತೀನಿ" ಎಂದೆ. ದೊಡ್ಡಬಳ್ಳಾಪುರಕ್ಕೆ ಬರುತ್ತಿದ್ದಂತೆ, "ಇಲ್ಲೇ ಇಳ್ಕೋತೀನಿ ಸಾರ್" ಎಂದಳು. ಬಸ್ ಸ್ಟ್ಯಾಂಡು ಇನ್ನೂ ದೂರವಿತ್ತು. ಮಾರನೆಯ ದಿನದಿಂದ ಕಾರಿಗೆ ಬರಲಿಲ್ಲ. ಎರಡು ಬಸ್ಸು ಬದಲಿಸಿ ಬರುತ್ತಿದ್ದಳು.

ಮಾತಾಡುತ್ತೇನೆ ಎಂದವನು ಮಾತಾಡಲಿಲ್ಲ. ಮೊದಲು ಚಿಪ್ಪು ಸರಿಮಾಡೋಣ, ಆಮೇಲೆ ಹೇಳಿದರೆ ಮಾತಿಗೆ ತೂಕ ಇರುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಸರಿಮಾಡುವುದೆಂದರೆ ಒಂದು ಚೂರು ಲೋಹವನ್ನು ಅಳಿಸುವುದು, ಹತ್ತು ನಿಮಿಷದ ಕೆಲಸ. ಅದನ್ನು ಅವಳಿಗೇ ಕೊಟ್ಟರು. ನಾನು ಅವಳ ಸೀಟಿನ ಹಿಂದೆ ನಿಂತು, ಇಲ್ಲಿ ಇಷ್ಟು ಅಗಲ ಎಂದು ಬೆರಳಿಟ್ಟು ತೋರಿಸಿದೆ. ಅವಳು ಮೌಸಿನಿಂದ ಕೈ ತೆಗೆದು, "ಮೇಲ್ ಹಾಕಿ ಸಾರ್, ಆಮೇಲೆ ಮಾಡ್ತೀನಿ" ಎಂದಳು. ಪಕ್ಕದವರಿಗೆ ಅದು ಅಧಿಕಪ್ರಸಂಗದಂತೆ ಕಂಡಿರಬೇಕು. ನಾನು ಸುಮ್ಮನೆ ಹೋಗಿ ಮೇಲ್ ಹಾಕಿದೆ. ಆ ತಿಂಗಳ ಕೊನೆಗೆ ಅವಳ ಕಾಂಟ್ರ್ಯಾಕ್ಟು ಮುಗಿಯಿತು. ಮುಂದುವರಿಸಲಿಲ್ಲ. ಹೋಗುವ ದಿನ ಎಲ್ಲರ ಸೀಟಿಗೂ ಬಂದು ಹೇಳಿಹೋದಳು. ನಾನು ಆ ಹೊತ್ತಿಗೆ ಲ್ಯಾಬಿನಲ್ಲಿದ್ದೆ. ಬೇಕೆಂದೇ ಇದ್ದೆ.

ಒಂದು ಭಾನುವಾರ ಶೆಡ್ಡಿನಲ್ಲಿ ಅಪ್ಪ ಕೇಳಿದರು: "ಆ ಮಧುರೆ ಹುಡ್ಗಿ ಏನಾದ್ಲೋ? ಕಾರಲ್ಲಿ ಕಾಣೋದೇ ಇಲ್ವಲ್ಲ."

ಕೆಲಸ ಹೋಯಿತು ಎಂದೆ. ಯಾಕೆ ಎಂದರು. ನಕ್ಷೆ ಕಳಿಸುವ ಹಿಂದಿನ ಭಾನುವಾರ ಅವಳು ಫೋನು ಮಾಡಿದ್ದು ಮಗ್ಗದ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ, ಅವಳೇ ಏನೋ ಸೇರಿಸಿ ಕೆಡಿಸಿದಳು ಎಂದು ಆಫೀಸಿನಲ್ಲಿ ಹೇಳಿದ ಸುಳ್ಳನ್ನೇ ಮನೆಯಲ್ಲೂ ಹೇಳಿದೆ. ಹೇಳಿ ಹೇಳಿ ರೂಢಿಯಾಗಿತ್ತು.

ಅಪ್ಪ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಯಾವತ್ತು? ಕರೆಂಟ್ ಹೋದಾಗ ಎಳೆ ಕಟ್ತಿದ್ವಲ್ಲ, ಅವತ್ತಾ? ನಾನ್ ನಿನ್ ಪಕ್ಕದಲ್ಲೇ ಇದ್ನಲ್ಲೋ. ಸೇರಿಸ್ಬಿಡು ಅಂದೆ ನೀನು. ಎರಡು ತುದೀನೂ ಕೂಡ್ಬೇಕು ಅಂತ್ಲೂ ಅಂದೆ."

ನಾನು ಬಗ್ಗಿ ಹಾಸಿನ ಎಳೆಗಳನ್ನು ನೋಡತೊಡಗಿದೆ.

"ಕೂಲಿಯೋರ್ ಮೇಲೆ ನಾನ್ ಎಷ್ಟೋ ಸಲ ರೇಗಿದೀನಿ ಕಣೋ" ಎಂದರು ಅಪ್ಪ. "ನಾನ್ ಕೆಡಿಸಿದ್ ಸೀರೆನ ಅವ್ರ ತಲೆಗೆ ಕಟ್ಟಿಲ್ಲ." ಇಷ್ಟು ಹೇಳಿ ಮಗ್ಗ ಶುರು ಮಾಡಿದರು. ಆಮೇಲೆ ಮಾತಾಡಿದರೂ ಕೇಳಿಸುವಂತಿರಲಿಲ್ಲ.

ಮರುದಿನ ಆಫೀಸಿಗೆ ಹೋದವನೇ ಮೇಲ್ ಬರೆದೆ. ಮೀಟಿಂಗಿನಲ್ಲಿದ್ದ ಎಲ್ಲರಿಗೂ. ಅವತ್ತು ಮಗ್ಗ ಓಡುತ್ತಿರಲಿಲ್ಲ, ಕರೆಂಟೇ ಇರಲಿಲ್ಲ, ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು, ಉಂಗುರವನ್ನು ಸೇರಿಸು ಎಂದದ್ದು ನಾನೇ, ಮೇಲ್ ಬೇಡ ಎಂಬ ರೂಢಿ ಮಾಡಿದ್ದೂ ನಾನೇ, ಅವಳನ್ನು ವಾಪಸ್ ಕರೆಸಿಕೊಳ್ಳಬೇಕು. ಕಳಿಸಿದ ಮೇಲೆ ಕೆಲಸ ಹೋದರೂ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ ಕುಳಿತೆ.

ಮಧ್ಯಾಹ್ನ ಮ್ಯಾನೇಜರ್ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ನಿಮ್ಮಂಥ ಸೀನಿಯರ್ ಸಿಗೋದು ಕಷ್ಟ ಸಾರ್. ಜೂನಿಯರ್‌ಗೋಸ್ಕರ ಯಾರು ಇಷ್ಟು ಮಾಡ್ತಾರೆ ಹೇಳಿ."

"ನಾನು ಬರೆದಿರೋದು ನಿಜ" ಎಂದೆ.

"ಬಿಡಿ ಸಾರ್. ಇಪ್ಪತ್ತು ವರ್ಷದಿಂದ ಕಾಯಿಲ್ ಮಾಡ್ತಿರೋರು ನೀವು, ರಿಂಗ್ ಕ್ಲೋಸ್ ಮಾಡು ಅಂತೀರಾ? ನಂಬೋ ಮಾತಾ?" ಎಂದು ನಕ್ಕರು. "ಅವಳಿಗೆ ಎಲ್ಲಾದ್ರೂ ಒಳ್ಳೇದಾಗುತ್ತೆ ಬಿಡಿ. ಏಜೆನ್ಸಿಯಿಂದ ಈಗಾಗ್ಲೇ ಬೇರೆಯವರು ಬಂದಿದ್ದಾರೆ."

ನಾನು ದನಿ ಏರಿಸಿದೆ. ಕರೆಂಟು ಇರಲಿಲ್ಲ ಎಂದು ಎರಡೆರಡು ಸಲ ಹೇಳಿದೆ. ಸುತ್ತಲಿನವರು ನನ್ನನ್ನು ಗೌರವದಿಂದ ನೋಡಿದರು. ಸುಳ್ಳನ್ನು ಹಿಂದುಮುಂದು ನೋಡದೆ ನಂಬಿದ್ದವರು ನಿಜವನ್ನು ದೊಡ್ಡತನ ಎಂದು ತೆಗೆದುಕೊಂಡರು. ಸರಿಮಾಡಿದ ಚಿಪ್ಪು ಬಂದಾಗ ತಾಳ ಸೂಜಿಯಂತೆ ನಿಂತಿತು. ಸ್ವೀಟು ಹಂಚಿದರು. ನನ್ನ ಪಾಲಿನದನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ಸ್ವೀಟು ಹಂಚಿದ ವಾರದ ಶನಿವಾರ ಮಧುರೆಗೆ ಹೋದೆ. ಅವಳ ಮನೆ ಊರಿನಾಚೆ, ತೋಟದ ಹತ್ತಿರ. ಅವಳ ಅಮ್ಮ, "ಸಾರು ಬಂದವ್ರೆ ಕಣೇ" ಎಂದು ಒಳಗೆ ಕೂಗಿ, ಚಾಪೆ ಹಾಸಿ, ನನಗೆ ಕಾಫಿ ತಂದುಕೊಟ್ಟರು. ಮಗಳ ಕೆಲಸ ಯಾಕೆ ಹೋಯಿತೆಂದು ಅವರಿಗೆ ತಿಳಿದಂತಿರಲಿಲ್ಲ. ತಿಳಿದಿದ್ದರೆ ಕಾಫಿ ಕೊಡುತ್ತಿದ್ದರೋ ಇಲ್ಲವೋ. ಅವಳು ಬಂದು ಬಾಗಿಲ ಪಕ್ಕ ನಿಂತಳು. ಮೂರು ಕಡೆ ಇಂಟರ್‌ವ್ಯೂ ಆಗಿದೆ ಎಂದಳು. ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಹೇಳಿದ ಮೇಲೆ ಯಾರೂ ಕರೆಯುವುದಿಲ್ಲ ಎಂದಳು.

ಅಮ್ಮ ಒಳಗೆ ಹೋದ ಮೇಲೆ ನಾನು ಎಲ್ಲ ಹೇಳಿದೆ. ಮೇಲ್ ಬರೆದದ್ದು, ಕರೆಂಟು ಇರಲಿಲ್ಲ ಎಂದು ಕೂಗಿದ್ದು, ಯಾರೂ ನಂಬದಿದ್ದದ್ದು. ಅವಳು ಅಳಲಿಲ್ಲ, ರೇಗಲೂ ಇಲ್ಲ. ರೇಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ನಾನೇ, "ಅವತ್ತು ಮೀಟಿಂಗಲ್ಲಿ ನೀನೇ ಹೇಳ್ಬೋದಿತ್ತಲ್ಲಮ್ಮ, ಮಗ್ಗ ಓಡ್ತಿರ್ಲಿಲ್ಲ ಅಂತ" ಎಂದುಬಿಟ್ಟೆ. ಅಲ್ಲಿಗೆ ಹೋಗಿ ಕುಳಿತ ಮೇಲೂ ಭಾರವನ್ನು ಅವಳ ಮೇಲೇ ಹಾಕುವ ಬುದ್ಧಿ ನನ್ನದು.

"ನಾನ್ ಹೇಳಿದ್ರೆ ಯಾರ್ ನಂಬೋರು ಸಾರ್?" ಎಂದಳು. "ಹೇಳಿದ್ರೆ ಎಲ್ರೂ ನಂಬೋ ಅಂಥೋರು ಆ ರೂಮಲ್ಲಿ ಒಬ್ರೇ ಇದ್ದಿದ್ದು. ಅದಕ್ಕೇ ಅಷ್ಟೊತ್ತು ನಿಮ್ ಮುಖ ನೋಡ್ದೆ."

ಆ ನೋಟವನ್ನು ನಾನು ಇಷ್ಟು ದಿನ ಗೌರವ ಎಂದುಕೊಂಡಿದ್ದೆ.